ಚಿಂತೆ ಹೊರುವವಳ ಒಂದು ಕೇಳಿಕೆ

ಬಿಡುವಾರ, ಆಷಾಢದ ನಲವತ್ತೊಂದನೆಯ ದಿನ, 2391
ಗದಗ

ನಮಗಿಂತ ಮುಂಚೆ ಬದುಕಿದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ವಾರಕ್ಕೆ ಎಂಟನೆಯ ದಿನವೊಂದನ್ನು ಸೇರಿಸಿ ಬಿಡುವಾರವೆಂದು ಹೆಸರಿಟ್ಟಾಗ ತಿಂಗಳೂ ಹಿಗ್ಗಿತು. ಆ ದಿನ ಯಾರೂ ಯಾವ ಕೆಲಸವನ್ನೂ ಮುಗಿಸುವಂತಿಲ್ಲ. ಅರ್ಧ ಹೊಲಿದ ಕುಪ್ಪಸ ಅರ್ಧವೇ ಇರಬೇಕು. ನನ್ನ ಮಾತು ವಿಚಿತ್ರವೆನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಶಾಲೆಯಲ್ಲಿ ಕಲಿತೆ, ಅದನ್ನೂ ನೆಟ್ಟಗೆ ಕಲಿಯಲಿಲ್ಲ.

ನಾನು ದಾನಮ್ಮ. ನಮ್ಮ ಓಣಿಯ ಅರವತ್ತು ಮನೆಗಳಿಗೆ ಹೊರೆಯವಳು. ಅಂದರೆ, ಅವರ ಚಿಂತೆಗಳನ್ನು ಅವರ ಬದಲಿಗೆ ಮಾಡುವವಳು. ನಿಮ್ಮ ಬಗ್ಗೆ ಓದಿದ್ದೇವೆ. ಚಿಂತೆ ಕಡಿಮೆಯಾಗಲೆಂದು ನೀವು ಮೂಗು ಹಿಡಿದು ಉಸಿರು ಎಣಿಸುತ್ತಿದ್ದಿರಂತೆ, ಪಾರ್ಕಿನಲ್ಲಿ ಗುಂಪುಗೂಡಿ ಕಾರಣವಿಲ್ಲದೆ ನಗುತ್ತಿದ್ದಿರಂತೆ, ಫೋನಿನಲ್ಲಿ ಮಳೆಯ ಸದ್ದು ಹಾಕಿಕೊಂಡು ಮಲಗುತ್ತಿದ್ದಿರಂತೆ. ಇಷ್ಟೆಲ್ಲ ಮಾಡಿಯೂ ಬೆಳಿಗ್ಗೆ ಎದ್ದರೆ ಅದೇ ಚಿಂತೆ. ಯಾರಿಗಾದರೂ ಕೊಟ್ಟುಬಿಡಬಾರದಿತ್ತೇ ಎಂದು ನಮ್ಮ ಮಕ್ಕಳು ಕೇಳುತ್ತಾರೆ.

ನಾವು ಕೊಟ್ಟುಬಿಡುತ್ತೇವೆ. ದಿನಾ ಬೆಳಿಗ್ಗೆ ರೊಟ್ಟಿ ಬಡಿದು ಮುಗಿದ ಮೇಲೆ ಜನ ನನ್ನ ಕಟ್ಟೆಯ ಮುಂದೆ ಸಾಲು ನಿಲ್ಲುತ್ತಾರೆ. ಒಬ್ಬಳಿಗೆ ಅಪ್ಪನ ಕಣ್ಣಿನ ಆಪರೇಷನ್, ಇನ್ನೊಬ್ಬನಿಗೆ ಪರೀಕ್ಷೆಯ ಫಲಿತಾಂಶ, ಮತ್ತೊಬ್ಬಳಿಗೆ ನಾದಿನಿ ಯಾಕೆ ಮಾತು ಬಿಟ್ಟಳೆಂಬ ಕೊರಗು. ಕೇಳಿಸಿಕೊಂಡು ನಾನು, "ಇಟ್ಟು ಹೋಗು, ಹೊರ್ತೀನಿ" ಎನ್ನಬೇಕು. ಆಮೇಲೆ ಅವರು ಅದನ್ನು ನೆನೆಯುವಂತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಾನು ಕೂರುತ್ತೇನೆ, ಫಲಿತಾಂಶಕ್ಕೆ ನಾನು ಕಾಯುತ್ತೇನೆ. ಊರಿನಲ್ಲಿ ಯಾರಿಗೂ ಬಿಪಿ ಇಲ್ಲ, ಎಲ್ಲರಿಗೂ ಊಟ ಸೇರುತ್ತದೆ. ಪದ್ಧತಿ ಒಳ್ಳೆಯದೇ, ಸುಳ್ಳು ಹೇಳಲಾರೆ. ಮೊದಲ ವರ್ಷ ಅರವತ್ತು ಮನೆಗಳಿಗೂ ಅತ್ತೆ. ಇದು ಏಳನೆಯ ವರ್ಷ. ಈಗ ಅವರು ಹೇಳುವಾಗ ನಾನು ಚವಳಿಕಾಯಿ ಮುರಿಯುತ್ತಿರುತ್ತೇನೆ. ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ.

ಹೊರೆಯವಳು ತನ್ನ ಸ್ವಂತ ಚಿಂತೆಯನ್ನು ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಪರರದ್ದು ಹಿಂದೆ ಬೀಳುತ್ತದೆ. ನನಗಿದ್ದದ್ದು ಒಂದೇ, ಮಗಳು ಈರವ್ವ. ಕರೆಂಟು ಕೊಡುವ ಗಾಳಿಕಂಬ ಹತ್ತಿ ಅದರ ರೆಕ್ಕೆ ರಿಪೇರಿ ಮಾಡುತ್ತಾಳೆ. ಆ ಚಿಂತೆಯನ್ನು ಪಕ್ಕದ ಓಣಿಯ ಹೊರೆಯವರಿಗೆ ಒಪ್ಪಿಸಿದ್ದೆ. ಹೋದ ವರ್ಷದಿಂದ ಅಲ್ಲಿ ರುದ್ರಪ್ಪ ಹೊರೆಯವನು, ಹೊಸಬ.

ಕಳೆದ ತಿಂಗಳು ಕಂಬದ ಮೇಲೆ ಈರವ್ವನ ಹಗ್ಗ ಸಿಕ್ಕಿಹಾಕಿಕೊಂಡಿತು. ಗಾಳಿಯಲ್ಲಿ ನಾಲ್ಕು ತಾಸು ಸೊಂಟದ ಪಟ್ಟಿಯ ಆಸರೆಯಲ್ಲಿ ನೇತಾಡಿದಳು. ಮಧ್ಯಾಹ್ನ ಸುದ್ದಿ ತಂದವರಿಗೆ ನಾನು ಹೌದೇನು ಎಂದೆ, ಸಾಲಿನಲ್ಲಿ ಇನ್ನೂ ಕಾಯುತ್ತಿದ್ದ ಮುಂದಿನವಳನ್ನು ಕರೆದೆ. ರುದ್ರಪ್ಪ ಬರಿಗಾಲಲ್ಲಿ ಓಡಿಹೋದನಂತೆ. ಅವಳನ್ನು ಇಳಿಸುವವರೆಗೂ ಬಿಸಿಲಲ್ಲಿ ನಿಂತಿದ್ದನಂತೆ. ಸಂಜೆ ಅವಳು ಮನೆಗೆ ಬಂದು ಕೈ ತೊಳೆದು ಎರಡು ರೊಟ್ಟಿ ತಿಂದಳು. ಇನ್ನಷ್ಟು ಚಟ್ನಿ ಬೇಕೇ ಎಂದು ಕೇಳಿದೆ.

"ಯವ್ವಾ, ಮ್ಯಾಲಿಂದ ಎಲ್ಲಾ ಕಾಣ್ತಿತ್ತು," ಎಂದಳು. "ಕೆಳಗ ರುದ್ರಪ್ಪ ಕಾಕಾ ಅಳಾಕತ್ತಿದ್ದ. ನೀ ಇರಲಿಲ್ಲ."

ನಾನು ನಿಯಮ ವಿವರಿಸಿದೆ. ಅವಳು ತಲೆಯಾಡಿಸಿದಳು. ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಕಟ್ಟೆಯ ಮುಂದಿನ ಸಾಲಿನಲ್ಲಿ ನಿಂತಿದ್ದಾಳೆ. ಸರದಿ ಬಂದಾಗ ಎಲ್ಲರ ಹಾಗೆಯೇ ಎದುರಿಗೆ ಕೂತಳು.

"ನಮ್ಮವ್ವಗ ಏನೂ ಅನಸೂದಿಲ್ಲ. ನಾ ಸತ್ರೂ ಅನಸೂದಿಲ್ಲೇನೋ ಅಂತ ಹೆದರಿಕಿ ಆಗೇತಿ. ಹೊರ್ತೀಯೇನು?"

ಕಟ್ಟೆಗೆ ಬಂದ ಯಾವ ಚಿಂತೆಯನ್ನೂ ತಿರುಗಿ ಕಳಿಸುವಂತಿಲ್ಲ. ಇಟ್ಟು ಹೋಗು, ಹೊರ್ತೀನಿ ಎಂದೆ. ಎಲ್ಲರ ಮುಖದಂತೆ ಅವಳ ಮುಖವೂ ಹಗುರಾಯಿತು. ಹಾಡು ಗುನುಗುತ್ತ ಕೆಲಸಕ್ಕೆ ಹೋದಳು. ನನಗೆ ನೋವಾಗಬೇಕಿತ್ತು. ಆಗಬೇಕಿತ್ತೆಂದು ಗೊತ್ತಾಯಿತು, ಅಷ್ಟೇ.

ರುದ್ರಪ್ಪನ ಬಳಿ ಹೋಗಿ ನನ್ನ ಚಿಂತೆಯನ್ನು ವಾಪಸು ಕೇಳಿದೆ. ಒಲ್ಲದ ಮನಸ್ಸಿನಿಂದ ಕೊಟ್ಟ. ಅವಳ ಯಾವ ಮೊಣಕಾಲು ನೋಯುತ್ತದೆ, ಗಾಳಿ ಎಷ್ಟು ಜೋರಿದ್ದರೆ ಬುತ್ತಿ ಬಿಚ್ಚದೆ ಹಾಗೇ ವಾಪಸು ತರುತ್ತಾಳೆ, ಕಂಬದ ಎಷ್ಟನೆಯ ಮೆಟ್ಟಿಲಲ್ಲಿ ನಿಂತು ಕಣ್ಣು ಮುಚ್ಚುತ್ತಾಳೆ, ಎಲ್ಲ ಹೇಳಿದ. ನನಗೆ ಒಂದೂ ತಿಳಿದಿರಲಿಲ್ಲ. ಈಗ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದೇನೆ. ಎದೆಯಲ್ಲಿ ಏನೂ ಆಗುತ್ತಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮನೆಯವರು ಬರುವುದು ತಡವಾದರೆ ನೀವು ಹತ್ತು ಸಲ ಗೇಟಿನ ತನಕ ಹೋಗಿ ಬರುತ್ತಿದ್ದಿರಂತೆ, ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಅದನ್ನು ಕಾಯಿಲೆ ಎಂದು ತಿಳಿದು ಔಷಧ ಹುಡುಕಿದಿರಿ. ಹುಡುಕಿ, ಬೇಡವೆನ್ನುವುದಿಲ್ಲ. ಆಫೀಸಿನದು, ಪರೀಕ್ಷೆಯದು, ನಾಲ್ಕು ಜನ ಏನನ್ನುತ್ತಾರೋ ಎಂಬುದು, ಎಲ್ಲವನ್ನೂ ಇಳಿಸಿ. ಒಬ್ಬರ ಚಿಂತೆಯನ್ನಾದರೂ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ನಾಳೆ ಈರವ್ವ ಅದೇ ಕಂಬ ಹತ್ತುತ್ತಾಳೆ. ನಾನು ಕಟ್ಟೆ ಮುಚ್ಚಿ, ಹೋಗಿ ಕೆಳಗೆ ನಿಲ್ಲುವವಳಿದ್ದೇನೆ. ಎಷ್ಟು ಹೊತ್ತು ನಿಂತರೆ ಹೆದರಿಕೆ ಬರುತ್ತದೆ, ದಯವಿಟ್ಟು ಬರೆದು ತಿಳಿಸಿ.

ದಾನಮ್ಮ