ಎರಡು ಸೇರು ಅಕ್ಕಿ ಹಿಡಿದ ಗೇಟು

ಜಿಲ್ಲೆಯ ಆರೋಗ್ಯದ ಹೊಣೆ ಹೊತ್ತ ಮಾನ್ಯರೇ,

ನನ್ನ ಮಗಳ ಸಾವಿನ ವರದಿಯಲ್ಲಿ ನಿಮ್ಮ ಇಲಾಖೆಯವರು ‘ಸಿಡುಬು, ರೋಗದ ಮೂಲ ತಿಳಿದುಬಂದಿಲ್ಲ’ ಎಂದು ಬರೆದಿದ್ದಾರೆ. ಮೂಲ ನನಗೆ ಗೊತ್ತಿದೆ. ನನ್ನನ್ನು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ, ಅದಕ್ಕೇ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ನಾನು ಘಾಟಿ ಹತ್ತಿ ತೀರ್ಥಹಳ್ಳಿಗೆ ಬರುವ ಬಸ್ಸಿನ ಕಂಡಕ್ಟರ್. ಈ ೧೯೬೬ರ ಫೆಬ್ರವರಿಯಲ್ಲಿ ಹುಲಿಯಪ್ಪ ಎಂಬವನು ಬಸ್ಸು ಹತ್ತಿದ. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದವನು. ಹಡಗಿನಲ್ಲಿ ಮಂಗಳೂರಿಗೆ ಬಂದು, ತೀರ್ಥಹಳ್ಳಿಯಾಚೆ ನಗರ ಎಂಬ ಊರಿನ ತನ್ನ ಮನೆಗೆ ಹೊರಟಿದ್ದ. ಮೈ ಕೆಂಡವಾಗಿತ್ತು, ಹಣೆಯ ಮೇಲೆ ಕೆಂಪು ಗುಳ್ಳೆಗಳು. “ಬೊಂಬಾಯಿ ಸೆಕೆಗೆ ಬೆವರುಸಾಲೆ ಕಣಣ್ಣ, ಚಳಿ ಮಾತ್ರ ತಡೆಯಕ್ಕಾಗ್ತಿಲ್ಲ” ಅಂದ. ಜ್ವರದವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಮ್ಮ ಕಂಬಳಿ ಹೊದಿಸುವುದು ಘಾಟಿ ಬಸ್ಸಿನವರ ರೂಢಿ. ಹಾಗೇ ಮಾಡಿದೆ.

ಘಾಟಿಯಲ್ಲಿ ಅಕ್ಕಿ ಸಾಗಣೆ ತಡೆಯಲು ಹಾಕಿರುವ ಗೇಟಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಅಬ್ಬಾ, ಎಂಥ ತಪಾಸಣೆ! ಕೆರಿಯಮ್ಮ ಎಂಬ ಮುದುಕಿ ಬಾಣಂತಿ ಮಗಳಿಗೆಂದು ಸೆರಗಿನಡಿ ತಂದಿದ್ದ ಎರಡು ಸೇರು ಕುಚ್ಚಲಕ್ಕಿ ಸಿಕ್ಕಿಬಿತ್ತು. ಪರ್ಮಿಟ್ ಇಲ್ಲದ ಅಕ್ಕಿ ಗೇಟು ದಾಟಿದರೆ ರಾಜ್ಯದ ಗತಿಯೇನು, ಅಲ್ಲವೇ? ನಾನು ಹುಲಿಯಪ್ಪನನ್ನು ತೋರಿಸಿ, “ಸ್ವಾಮಿ, ಇವನಿಗೆ ಜ್ವರ ಜೋರಿದೆ, ನೋಡೋರು ಯಾರಾದ್ರೂ ಇದಾರಾ?” ಎಂದು ಗೇಟಿನವರನ್ನು ಕೇಳಿದೆ. “ಜ್ವರಕ್ಕೆ ಪರ್ಮಿಟ್ ಬೇಡ, ಹೋಗಯ್ಯ” ಅಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅದೇ ಕಂಬಳಿಯನ್ನು ಮೇಗರವಳ್ಳಿಯ ಮನೆಗೆ ಒಯ್ದೆ. ಆರು ವರ್ಷದ ಮಹಾಲಕ್ಷ್ಮೀ ದಿನವೂ ಅದಕ್ಕೇ ಕಾಯುತ್ತಿದ್ದಳು. “ಅಪ್ಪಯ್ಯಾ, ಬಸ್ಸಿನ ವಾಸನೆ ಬರ್ತದೆ, ನಂಗೇ ಬೇಕು” ಎಂದು ಸುತ್ತಿಕೊಂಡು ಮಲಗಿದಳು. ಹನ್ನೆರಡನೆಯ ದಿನ ಜ್ವರ ಹತ್ತಿತು. ಕೊನೆಗೆ ಆ ಮುಖವನ್ನು ಹೆತ್ತ ತಾಯಿ ವೇದಾವತಿಗೂ ಗುರುತಿಸಲಾಗಲಿಲ್ಲ. ಹಿಂದಿನ ವರ್ಷ ಸಿಡುಬು ಬಾರದಂತೆ ದಾಕು ಹಾಕುವವರು ಬಂದಾಗ ಮಗುವಿಗೆ ಶೀತವಿತ್ತು, ಮುಂದಿನ ಸಲ ಹಾಕಿ ಎಂದಿದ್ದೆವು. ಮುಂದಿನ ಸಲ ಅವರು ಬರಲೇ ಇಲ್ಲ. ಬೇಡ ಅಂದ ನಮ್ಮ ಬಾಯಿಗೆ ಏನು ಹೇಳಲಿ!

ಹುಲಿಯಪ್ಪನೂ ಉಳಿಯಲಿಲ್ಲವಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮೈ ಹುಷಾರಿಲ್ಲದವನು ಮನೆಗಲ್ಲದೆ ಎಲ್ಲಿಗೆ ಹೋಗಬೇಕು, ಪಾಪ?

ನಿಮ್ಮವರು ಬಂದದ್ದು ಮಗುವನ್ನು ಮಣ್ಣು ಮಾಡಿದ ಮೇಲೆ. ಕಂಬಳಿ ಸುಟ್ಟರು, ವರದಿ ಬರೆದರು, ಹೋದರು. ಇನ್ನಾದರೂ ಗೇಟಿನಲ್ಲಿ ಅಕ್ಕಿ ಹಿಡಿಯುವವರ ಪಕ್ಕದಲ್ಲಿ ಪ್ರಯಾಣಿಕರ ಹಣೆ ಮುಟ್ಟಿ ನೋಡುವ, ದಾಕು ಹಾಕುವ ಒಬ್ಬನನ್ನು ನಿಲ್ಲಿಸಿ. ಆ ವರದಿಯನ್ನೂ ತಿದ್ದಿ. ರೋಗದ ಮೂಲ ಎಂಬಲ್ಲಿ ನನ್ನ ಹೆಸರು ಬರೆಯಿರಿ, ಒಪ್ಪುತ್ತೇನೆ. ಕೆಳಗೆ ಇನ್ನೂ ಜಾಗ ಉಳಿಯುತ್ತದೆ. ಅಲ್ಲಿ ನಿಮ್ಮ ಹುದ್ದೆಯನ್ನೂ ಬರೆಯಿರಿ.

ಇಂತಿ,
ಆ ದಿನ ನಕ್ಕ ಕಂಡಕ್ಟರ್,
ಜಟ್ಟಿಂಗಪ್ಪ, ಮೇಗರವಳ್ಳಿ