ಹೊಲಿಯುವ ಮುಂಚೆ ಹೇಳಬೇಕಾದ್ದು

ಸೋಮವಾರ, ೬ ಜುಲೈ ೧೯೮೭. ಬೆಳಿಗ್ಗೆ, ರೈಲಿನಲ್ಲಿ

ಇವತ್ತೂ ತಲೆಯಲ್ಲಿ ಹತ್ತಿ. ಹರಿಹರ ಸ್ಟೇಷನ್ನಿನಲ್ಲಿ ಯಾರೋ ಹೆಂಗಸು ನಕ್ಕ ಮೇಲೆ ಗೊತ್ತಾಯಿತು. ಎಷ್ಟು ಬಾಚಿದರೂ ಒಂದೆಳೆ ಉಳಿದೇ ಉಳಿಯುತ್ತದೆ. ಪಿಂಜಾರ ಲಾಲ್ ಸಾಬನ ಮಗಳು ಅನ್ನುವುದಕ್ಕೆ ಬೇರೆ ಗುರುತು ಬೇಡ.

ಕಿಟಕಿ ಸೀಟು ಸಿಕ್ಕಿದೆ. ದಾವಣಗೆರೆ ಬರುವ ತನಕ ಹೊತ್ತೆಲ್ಲ ನನ್ನದೇ. ಕಣ್ಣು ಮುಚ್ಚಿದರೆ ಸಾಕು, ಅಂಗಡಿ ಬಂದು ನಿಲ್ಲುತ್ತದೆ — ಹರಿಹರದ ಸೇತುವೆ ಹತ್ತಿರ, ಹೊಳೆ ಕಡೆ ಬಾಗಿಲು, ಬಾಗಿಲಲ್ಲಿ ಕೂತ ಅಪ್ಪ, ಒಂದು ಟೇಬಲ್ಲು, ಅದರ ಮೇಲೆ ನನ್ನ ಸ್ವಂತ ಕನ್ನಡ ಟೈಪ್‌ರೈಟರು. ನೀಲಿ ಬೋರ್ಡು, ಬಿಳಿ ಅಕ್ಷರ: ಶಹರ್ಬಾನು ಟೈಪಿಂಗ್. ಜನ ಅರ್ಜಿ ಹಿಡಿದು ಕಾಯುತ್ತಿದ್ದಾರೆ. ಹೊಳೆಗಾಳಿಗೆ ಹಾಳೆ ಹಾರದ ಹಾಗೆ ಮೇಲೊಂದು ಕಲ್ಲು ಇಟ್ಟಿದ್ದೇನೆ... ಟೈಪಿಂಗ್ ಕಲಿಸಿದ ಮಾಲತೇಶಪ್ಪ ಮೇಷ್ಟ್ರು ಹಳೇ ಮಷೀನೊಂದನ್ನು ದೀಪಾವಳಿ ತನಕ ನನಗೇ ಅಂತ ಎತ್ತಿಟ್ಟಿದ್ದಾರೆ. ಅಷ್ಟರೊಳಗೆ ದುಡ್ಡು ಕೂಡಿಸಬೇಕು.

ಸ್ಟೇಷನ್ ಬಂತು. ಹೋದ ವಾರ ಹೀಗೇ ಕನಸು ಕಾಣುತ್ತಾ ಮುಂದಿನ ಊರಿಗೆ ಹೋಗಿದ್ದೆ.

ಅದೇ ದಿನ, ಮಧ್ಯಾಹ್ನ, ಆಫೀಸು

ಕೆಂಚವೀರಪ್ಪ ಸರ್ ಇನ್ಶೂರೆನ್ಸ್ ಏಜೆಂಟರು. ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ ಮೇಲೆ ಒಂದು ರೂಮು, ಅದೇ ನಮ್ಮ ಆಫೀಸು. ಟೈಪಿಂಗ್ ಎಲ್ಲಾ ನಾನೇ. ಇವತ್ತು ಇಂಗ್ಲಿಷ್ ಪುಸ್ತಕವೊಂದನ್ನು ಮುಂದಿಟ್ಟರು. ಮೆಡಿಕ್ಲೇಮ್ ಅಂತ ಹೊಸ ಪಾಲಿಸಿ. ಆಸ್ಪತ್ರೆ ಸೇರಿದರೆ ಖರ್ಚು ಕೊಡುತ್ತಾರಂತೆ.

"ಇದರಾಗಿನ ಮಾತು ನಂಗೇ ಅರ್ಥ ಆಗವಲ್ದಮ್ಮ. ಹರಿಹರದ ಫ್ಯಾಕ್ಟರಿ ಜನಕ್ಕೆ ಹೆಂಗೆ ಹೇಳ್ಲಿ? ನೀನು ಕನ್ನಡದಾಗೆ ಬರಿ. ನಿಮ್ಮಪ್ಪಗೆ ತಿಳಿಯೋ ಹಂಗೆ."

ಆಯಿತು ಅಂದೆ. ಅಪ್ಪನಿಗೆ ತಿಳಿಯುವ ಹಾಗೆ ಬರೆಯಲು ಅಪ್ಪನನ್ನೇ ಕೇಳಿದರಾಯಿತು.

ಗುರುವಾರ, ೯ ಜುಲೈ

ಸಂಜೆ ಅಪ್ಪನ ಮುಂದೆ ಪುಸ್ತಕ ಬಿಚ್ಚಿದೆ. ಅಪ್ಪ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ. ಬೆಳಕಿಂಡಿಯ ಬಿಸಿಲಲ್ಲಿ ಹತ್ತಿ ಎದ್ದು, ನಿಂತು, ಇಳಿಯುತ್ತದೆ. ಚಿಕ್ಕಂದಿನಿಂದ ನೋಡಿದ್ದು. ಈಗಲೂ ನೋಡುತ್ತಾ ಕೂತರೆ ಕೆಲಸ ಮರೆತುಹೋಗುತ್ತದೆ.

ಪ್ರೀಮಿಯಂ ಅಂದರೆ ವರ್ಷಕ್ಕೊಮ್ಮೆ ಕಟ್ಟುವ ಹಣ, ಕಾಯಿಲೆ ಬರದಿದ್ದರೆ ವಾಪಸ್ಸಿಲ್ಲ ಅಂದೆ. "ಕಾವಲಿನೋನಿಗೆ ಪಗಾರ ಕೊಟ್ಟು, ಕಳ್ಳ ಬರ್ಲಿಲ್ಲ ವಾಪಸ್ ಕೊಡು ಅಂತಾರೇನು?" ಅಂದ. ಅದನ್ನೇ ಬರೆದುಕೊಂಡೆ.

ಸಮ್ ಇನ್ಶೂರ್ಡ್. ಎಷ್ಟು ಮೊತ್ತಕ್ಕೆ ಪಾಲಿಸಿಯೋ ಅಷ್ಟರ ತನಕ ಮಾತ್ರ ಕೊಡುವುದು. "ಹಾಸಿಗೆ ಇದ್ದಷ್ಟು ಕಾಲು ಚಾಚು. ನಮ್ಮ ಕಸುಬಿನ ಗಾದೆ ಮಾತೇ ಐತಲ್ಲವ್ವಾ."

ವೇಟಿಂಗ್ ಪೀರಿಯಡ್. ಮೊದಲ ಮೂವತ್ತು ದಿನದೊಳಗೆ ಬಂದ ಕಾಯಿಲೆಗೆ ಕೊಡುವುದಿಲ್ಲ. ಅಪಘಾತಕ್ಕೆ ಕೊಡುತ್ತಾರೆ. ಅಪ್ಪ ನಕ್ಕ. "ಜ್ವರ ಬಂದ ಮ್ಯಾಲೆ ಓಡಿಬರೋರು ಇರ್ತಾರಲ್ಲ, ಅವ್ರಿಗೆ. ಸಂತೆ ಹೊತ್ತಿಗೆ ಮೂರು ಮೊಳ ನೇಯಬ್ಯಾಡ ಅಂತ."

ಪ್ರೀ-ಎಕ್ಸಿಸ್ಟಿಂಗ್ ಡಿಸೀಸ್. ಇಲ್ಲಿ ನಾನು ತಡವರಿಸಿದೆ. ಪಾಲಿಸಿಗೆ ಮುಂಚೆಯೇ ಮೈಯಲ್ಲಿದ್ದ ಕಾಯಿಲೆ — ಅದಕ್ಕೆ ಕೊಡುವುದಿಲ್ಲ. ಇದ್ದರೆ ಫಾರಂನಲ್ಲಿ ಮೊದಲೇ ಹೇಳಬೇಕು. ಅಪ್ಪ ಬಿಲ್ಲು ಕೆಳಗಿಟ್ಟ.

"ಹಳೇ ಹತ್ತಿ ಅನ್ನು. ಗಾದಿ ಒಳಗೆ ಹಳೇದು ಸೇರ್ಸೋದಿದ್ರೆ ಹೊಲಿಯೋಕೆ ಮುಂಚೆ ಹೇಳ್ಬೇಕು. ಹೊಲಿದ ಮ್ಯಾಲೆ ಕಣ್ಣಿಗೆ ಕಾಣಲ್ಲ. ಆದ್ರೆ ಮಲಗಿದೋನ ಬೆನ್ನಿಗೆ ಗೊತ್ತಾಗ್ತೈತೆ."

ಎಂಥಾ ಅಪ್ಪ ನನ್ನವನು! ಸ್ಕೂಲಿಗೆ ಹೋಗಿದ್ದರೆ ಏನೇನು ಆಗುತ್ತಿದ್ದನೋ.

ಸೋಮವಾರ, ೨೦ ಜುಲೈ

ಅಪ್ಪನ ಹೆಸರಲ್ಲೇ ಮೊದಲ ಪಾಲಿಸಿ ಮಾಡಿಸಿದೆ. ನನ್ನ ಸಂಬಳದಲ್ಲಿ. ಏನೋ ಹೆಮ್ಮೆ. ಅಪ್ಪ ಕೆಲಸ ನಿಲ್ಲಿಸಲಿಲ್ಲ. ನಾನು ಪಕ್ಕದಲ್ಲಿ ಕೂತು ಒಂದೊಂದೇ ಪ್ರಶ್ನೆ ಓದಿ ಫಾರಂ ತುಂಬಿದೆ.

ಏಳನೇ ಪ್ರಶ್ನೆ: ಯಾವುದಾದರೂ ಕಾಯಿಲೆ ಇದೆಯೇ?

"ಪಿಂಜಾರಂಗೆ ಎಂಥಾ ಕಾಯಿಲಿ" ಅಂದ. ಅಷ್ಟರಲ್ಲಿ ಕೆಮ್ಮು ಬಂತು. ಮುಗಿಯುವ ತನಕ ಕಾದು, 'ಇಲ್ಲ' ಅಂತ ಬರೆದು, ಮುಂದಿನ ಪ್ರಶ್ನೆ ಕೇಳಿದೆ.

ಆಮೇಲೆ ಹಜೀರಾಬೀ ಅತ್ತೆ ಪಕ್ಕದ ಮನೆಯಿಂದ ಸೀಕರಣೆ ತಂದುಕೊಟ್ಟರು. ಮಾವಿನ ಕಾಲ ಮುಗಿಯಿತು.

ಮಂಗಳವಾರ, ೧೮ ಆಗಸ್ಟ್

ನನ್ನ ಕರಪತ್ರ ಅಚ್ಚಾಗಿ ಬಂತು. ತಿಳಿಗುಲಾಬಿ ಕಾಗದ. 'ಹಳೇ ಹತ್ತಿ' ಹಾಗೇ ಇದೆ. ಸರ್ ಒಂದು ಮಾತನ್ನೂ ತೆಗೆದಿಲ್ಲ. ರೈಲಿನಲ್ಲಿ ಎದುರಿಗೆ ಕೂತವನೊಬ್ಬ ಅದನ್ನೇ ಓದುತ್ತಿದ್ದ. ನಾನು ಕಿಟಕಿ ಕಡೆ ತಿರುಗಿದೆ. ಹೊಲಗಳೆಲ್ಲ ತೇಲಿಕೊಂಡು ಹೋದ ಹಾಗಿತ್ತು.

ಭಾನುವಾರ, ೨೦ ಸೆಪ್ಟೆಂಬರ್

ಗುತ್ತೂರಿನಲ್ಲಿ ಮೀಟಿಂಗು. ಫ್ಯಾಕ್ಟರಿ ಕೆಲಸದವರು ಮೂವತ್ತು ಜನ ಬಂದಿದ್ದರು. ಸರ್ ಮಾತಾಡಿದರು, ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಪಾಲಿಗೆ. ಹಿಂದಿನಿಂದ ಗುತ್ತೆಪ್ಪ ಅನ್ನುವವರು ಎದ್ದರು.

"ನಮ್ಮನೆಯಾಕಿಗೆ ಹತ್ತು ವರ್ಷದಿಂದ ಉಬ್ಬಸ. ಅದೇನು ಕಾಯಿಲಿ ಅಲ್ಲ ಬಿಡ್ರಿ, ಅಭ್ಯಾಸ ಆಗಿಬಿಟ್ಟೈತೆ. ಬರೀಬೇಕೇನ್ರಿ?"

"ಬರೀಲೇಬೇಕು" ಅಂದೆ. "ಅಭ್ಯಾಸ ಆದ್ರೂ ಅದು ಕಾಯಿಲೇನೇ. ಹಳೇ ಹತ್ತಿ ಅದು."

ಎಲ್ಲರೂ ತಲೆಯಾಡಿಸಿದರು. ಅವರು ಕೂತರು. ನಾನು ನಿಂತೇ ಇದ್ದೆ. ಅಪ್ಪನ ಕೆಮ್ಮು ಕೇಳಿಸಿತು... ಅಪ್ಪ ಅಲ್ಲಿರಲಿಲ್ಲ. ಮೂರು ಮೈಲಿ ಆಚೆ ಮನೆಯಲ್ಲಿದ್ದ. ಆದರೂ ಕೇಳಿಸಿತು, ಮೊದಲನೇ ಸಲ ಕೇಳಿಸಿದ ಹಾಗೆ. ನಾನು ಹುಟ್ಟುವ ಮುಂಚಿನಿಂದ ಇರುವ ಕೆಮ್ಮು. ಶುಕ್ರವಾರ ಬಿಲ್ಲು ಮುಟ್ಟುವುದಿಲ್ಲ, ಅವತ್ತು ಕಮ್ಮಿ, ಶನಿವಾರ ಮತ್ತೆ ಹಿಡಿದಾಗ ಜಾಸ್ತಿ. ಎಲ್ಲಾ ಗೊತ್ತಿತ್ತು. ನಮ್ಮ ಓಣಿಯಲ್ಲಿ ಕೆಮ್ಮದ ಪಿಂಜಾರ ಯಾರಿದ್ದಾರೆ? ಅದನ್ನು ಕಾಯಿಲೆ ಅಂತ ಯಾರೂ ಅಂದಿಲ್ಲ. ಫಾರಂ ತುಂಬುವಾಗ ಅದು ಮುಗಿಯಲಿ ಅಂತ ಕಾದವಳು ನಾನೇ. ಕನಸುಗಣ್ಣಿನವಳು ಅಂತ ಅವ್ವ ಇದ್ದಾಗ ಬೈಯುತ್ತಿದ್ದಳು. ಕಿವಿಯೂ ಹಾಗೇ ಇದೆ.

ಬುಧವಾರ, ೨೩ ಸೆಪ್ಟೆಂಬರ್

ಸರ್‌ಗೆ ಯಾರದೋ ವಿಷಯ ಅನ್ನುವ ಹಾಗೆ ಕೇಳಿದೆ. ಗೊತ್ತಿಲ್ಲದೆ 'ಇಲ್ಲ' ಅಂತ ಬರೆದುಬಿಟ್ಟಿದ್ದರೆ?

"ತಿಳಿಸಿದ್ರೆ ಆ ಕಾಯಿಲಿಗೆ ಕೊಡಲ್ಲ. ಪಾಲಿಸಿ ಕ್ಯಾನ್ಸಲ್ ಮಾಡಿದ್ರೂ ಮಾಡಬಹುದು. ಸುಮ್ನಿದ್ರೆ ಯಾರಿಗ್ ಗೊತ್ತಾಗ್ತೈತೆ?" ಆಮೇಲೆ ನನ್ನ ಮುಖ ನೋಡಿ, "ಯಾರದಮ್ಮ?" ಅಂದರು. ಗುತ್ತೂರಿನವರು ಅಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತು. ನಾಳೆ ಸರ್‌ಗೆ ನಿಜ ಹೇಳುತ್ತೇನೆ.

ಸೋಮವಾರ, ೧೨ ಅಕ್ಟೋಬರ್

ನಾಳೆ ನಾಳೆ ಅಂತ ಮೂರು ವಾರ.

ಅಪ್ಪನಿಗೆ ಜ್ವರ. ಬಿಲ್ಲು ಎತ್ತಲು ಆಗುತ್ತಿಲ್ಲ. ಎರಡು ಮಾತಿಗೆ ಒಮ್ಮೆ ನಿಂತು ಉಸಿರು ಎಳೆಯುತ್ತಾನೆ. ಇಲ್ಲಿನ ಡಾಕ್ಟರು ದಾವಣಗೆರೆಗೆ ಕರಕೊಂಡು ಹೋಗಿ ಅಂದರು. ಎದೆ ನೋಡುವ ನಾಗರತ್ನಮ್ಮ ಡಾಕ್ಟರ ನರ್ಸಿಂಗ್ ಹೋಮಿಗೆ.

"ಬ್ಯಾಡ. ನಿನ್ನ ಮಷೀನಿನ ದುಡ್ಡು ಮುಟ್ಟಂಗಿಲ್ಲ."

"ಪಾಲಿಸಿ ಐತಲ್ಲಪ್ಪ. ಅದು ಕೊಡ್ತೈತೆ" ಅಂದೆ. ಕೊಡುವುದಿಲ್ಲ ಅಂತ ನನಗೆ ಗೊತ್ತು. ಅಪ್ಪ ನನ್ನನ್ನು ತುಂಬಾ ಹೊತ್ತು ನೋಡಿದ. "ನಿನ್ನ ಕಂಪನಿ ಕೊಡೋದಾದ್ರೆ ನಡಿ" ಅಂದ.

ಮಂಗಳವಾರ, ೧೩ ಅಕ್ಟೋಬರ್

ಅಡ್ಮಿಟ್ ಆಯಿತು. ನಾಗರತ್ನಮ್ಮ ಡಾಕ್ಟರು ಒಳ್ಳೆಯವರು, ಕುರ್ಚಿ ಎಳೆದು ಅಪ್ಪನ ಪಕ್ಕ ಕೂತು ಕೇಳಿದರು. "ಕೆಮ್ಮು ಯಾವಾಗಿಂದ ಅಜ್ಜಾರೆ?"

ಅಪ್ಪ ಒಂದು ಕ್ಷಣ ನನ್ನ ಕಡೆ ನೋಡಿದ.

"ಹದಿನೈದು ದಿನ ಆತ್ರಿ."

"ಅದಕ್ಕೆ ಮುಂಚೆ ಏನೂ ಇರ್ಲಿಲ್ವಾ? ಏನು ಕೆಲಸ ನಿಮ್ದು?"

"ಅಂಗಡಿಗಿಂಗಡಿ ಕೆಲಸರಿ. ಏನೂ ಇರ್ಲಿಲ್ಲ."

ಡಾಕ್ಟರು ಬರೆದುಕೊಂಡರು. ನಾನು ತಿದ್ದಲಿಲ್ಲ, ಹೊದಿಕೆ ಸರಿಮಾಡಿದೆ. ಗಾದಿ ಹೊಲಿಸಿದವರಿಗೆ ಹಿಡಿ ಹಳೇ ಹತ್ತಿ ಇದ್ದರೂ ಹೇಳುವ ಅಪ್ಪ. ಕಸುಬನ್ನೇ ಮುಚ್ಚಿಟ್ಟ.

ಗುರುವಾರ, ೧೫ ಅಕ್ಟೋಬರ್

ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಜ್ವರ ಇಳಿದಿದೆ, ಏದುಸಿರು ಇಳಿಯುತ್ತಿಲ್ಲ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತಲೆಯಾಡಿಸಿದರು. "ಹದಿನೈದು ದಿನದ ಎದೆ ಹೀಗಿರಲ್ಲ. ಟಿ.ಬಿ. ಇರಬಹುದಾ... ಗೊತ್ತಾಗ್ತಿಲ್ಲ. ಗೊತ್ತಾಗದೆ ಸ್ಟ್ರಾಂಗ್ ಔಷಧಿ ಕೊಡೋಕೆ ನಂಗೆ ಧೈರ್ಯ ಇಲ್ಲ."

ಅವರು ಹೋದ ಮೇಲೆ ಕೇಳಿದೆ. ಯಾಕಪ್ಪಾ ಹಾಗೆ ಹೇಳಿದೆ?

ಅಪ್ಪ ಗೋಡೆ ಕಡೆ ತಿರುಗಿಕೊಂಡ. ನಿಲ್ಲಿಸಿ ನಿಲ್ಲಿಸಿ ಹೇಳಿದ. "ನಿನ್ನ ಫಾರಂನಾಗೆ 'ಇಲ್ಲ' ಅಂತ ಐತೆ. ಈಗ ನಾನು ಮೂವತ್ತು ವರ್ಷ ಅಂದ್ರೆ... ನಿನ್ನ ಕೈಬರಹ ಸುಳ್ಳಾಗ್ತೈತಲ್ಲ. ಊರೆಲ್ಲ ನಿನ್ನ ಕಾಗದ ಓದೈತೆ."

"ನಿಂಗೆ ಗೊತ್ತಿತ್ತಾ?"

"ಹಳೇ ಹತ್ತಿ ಅಂತ ಹೇಳ್ಕೊಟ್ಟೋನು ನಾನಲ್ಲೇನು?"

ಅಳು ಬಂತು. ಹೊರಗೆ ಹೋಗಿ ಅತ್ತುಬಂದೆ. ಅಪ್ಪನಿಗೆ ತಿಳಿಯುವ ಹಾಗೆ ಬರಿ ಅಂದಿದ್ದರು ಸರ್. ಅಪ್ಪನಿಗೆ ಚೆನ್ನಾಗಿಯೇ ತಿಳಿದಿತ್ತು.

ಶುಕ್ರವಾರ, ೧೬ ಅಕ್ಟೋಬರ್. ಬೆಳಿಗ್ಗೆ, ರೈಲಿನಲ್ಲಿ

ಬಟ್ಟೆ ತರಲು ಮನೆಗೆ ಹೋಗಿ ವಾಪಸ್ ಬರುತ್ತಿದ್ದೇನೆ. ಬೆಳಕಿಂಡಿಯ ಬಿಸಿಲು ಹಾಗೇ ಬಿದ್ದಿತ್ತು. ಅದರಲ್ಲಿ ಏನೂ ತೇಲುತ್ತಿರಲಿಲ್ಲ. ಮನೆ ಇಷ್ಟು ಸ್ವಚ್ಛವಾಗಿದ್ದದ್ದನ್ನು ನಾನು ನೋಡಿಯೇ ಇಲ್ಲ. ಹೆದರಿಕೆಯಾಯಿತು.

ಕಿಟಕಿ ಸೀಟೇ ಸಿಕ್ಕಿದೆ. ಕಣ್ಣು ಮುಚ್ಚಿದೆ. ಅಂಗಡಿ ಬಂತು, ನೀಲಿ ಬೋರ್ಡು ಬಂತು. ಬಾಗಿಲಲ್ಲಿ ಅಪ್ಪ ಇರಲಿಲ್ಲ. ಎಷ್ಟು ಹುಡುಕಿದರೂ ಕನಸಿನಲ್ಲಿ ಅಪ್ಪನನ್ನು ತಂದು ಕೂರಿಸಲು ಆಗಲಿಲ್ಲ. ಕಣ್ಣು ತೆರೆದೆ.

ಹೋದ ತಕ್ಷಣ ಡಾಕ್ಟರಿಗೆ ಹೇಳುತ್ತೇನೆ. ನಾಳೆ ಅಲ್ಲ.

ಅದೇ ದಿನ, ಮಧ್ಯಾಹ್ನ

ಹೇಳಿದೆ. ಪಿಂಜಾರರು. ಮೂವತ್ತು ವರ್ಷದ ಮೇಲಾಯಿತು. ಶನಿವಾರ ಜಾಸ್ತಿ. ಶುಕ್ರವಾರ ಕಮ್ಮಿ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದನ್ನ ಮೊದಲೇ ಹೇಳಬಾರ್ದಿತ್ತೇನಮ್ಮ?"

ನನ್ನದೇ ಕರಪತ್ರದ ಮಾತು. ಹಳೇ ಕಾಗದ ಹೊಡೆದುಹಾಕಿ ಹೊಸದಾಗಿ ಬರೆದರು. ಹತ್ತಿ ಧೂಳು, ಮೂವತ್ತು ವರ್ಷ. ಔಷಧಿ ಬದಲಾಯಿತು, ಮೂಗಿಗೆ ಆಮ್ಲಜನಕದ ನಳಿಗೆ ಬಂತು. ಇನ್ನು ಹತ್ತಿ ಮುಟ್ಟುವ ಹಾಗಿಲ್ಲ ಅಂದರು.

ಅಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಈಗ ಗಂಜಿ ಕುಡಿಸುವಾಗ ಒಂದೇ ಮಾತು. "ಮಷೀನು ಹೋತಲ್ಲ." ಹೂಂ ಅಂದೆ.

ಮಂಗಳವಾರ, ೩ ನವೆಂಬರ್

ಮನೆಗೆ ಬಂದು ವಾರವಾಯಿತು. ಅಪ್ಪ ಮಲಗಿ ನಿದ್ದೆ ಮಾಡುತ್ತಾನೆ. ಕೂತೇ ರಾತ್ರಿ ಕಳೆಯುತ್ತಿದ್ದವನು. ನಿದ್ದೆಯಲ್ಲಿ ಎದೆ ಏರಿ ಇಳಿಯುವುದನ್ನು ನೋಡುತ್ತಾ ಕೂತಿರುತ್ತೇನೆ, ಬೇಸರವೇ ಆಗುವುದಿಲ್ಲ.

ಮಾಲತೇಶಪ್ಪ ಮೇಷ್ಟ್ರಿಗೆ ಹೇಳಿ ಬಂದೆ. ಮಷೀನನ್ನು ಬೇರೆಯವರು ಒಯ್ದರು. ಒಯ್ಯುವ ಮುಂಚೆ ಕೊನೆಯ ಸಲ ಅದರ ಮೇಲೆ ಒಂದು ಕಾಗದ ಹೊಡೆದಿದ್ದೆ, ಕಂಪನಿಗೆ: ಏಳನೇ ಪ್ರಶ್ನೆಗೆ ನಾನು ಬರೆದ ಉತ್ತರ ತಪ್ಪು. ಕ್ಲೇಮ್ ಹಾಕುವುದಿಲ್ಲ. ಸರ್ ಅದನ್ನು ಎರಡು ಸಲ ಓದಿದರು. "ಗುತ್ತೂರಿನವರು ಅಂದಿದ್ದೆಯಲ್ಲಮ್ಮ" ಅಂದರು. ಆಮೇಲೆ, "ನಾನೂ ಕೇಳ್ದೇನೇ ಸೈನ್ ಹಾಕ್ದೆ ಬಿಡು" ಅಂದರು.

ಭಾನುವಾರ, ೨೦ ಡಿಸೆಂಬರ್. ಬೆಳಿಗ್ಗೆ, ಮನೆ

ಹಳೇ ಪಾಲಿಸಿ ಕ್ಯಾನ್ಸಲ್. ಸರ್ ಹೊಸ ಫಾರಂ ಕಳಿಸಿದ್ದಾರೆ. ಎದೆ ಕಾಯಿಲೆಗೆ ಕೊಡುವುದಿಲ್ಲ, ಕಂಪನಿ ಒಪ್ಪಿದರೆ ಮಿಕ್ಕಿದ್ದಕ್ಕೆ ಕೊಡುತ್ತದೆ. ಅಪ್ಪ ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. "ತಗಂಬಾ" ಅಂದ.

ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದ. ಬಿಲ್ಲು ಒಳಗೆ ಗೋಡೆ ಮೇಲಿದೆ, ಹಜೀರಾಬೀ ಅತ್ತೆ ಹಳೇ ಸೀರೆ ಸುತ್ತಿದ್ದಾರೆ. ಒಂದೊಂದೇ ಓದಿದೆ. ಹೆಸರು. ವಯಸ್ಸು, ಅರವತ್ತೋ ಅರವತ್ತೊಂದೋ. ಕಸುಬು ಅಂದಾಗ ತಡವಾಯಿತು. "ಪಿಂಜಾರ ಅಂತಾನೇ ಬರಿ. ಬಿಲ್ಲು ಇಳಿಸಿದ್ರೆ ಪಿಂಜಾರ ಅಲ್ಲೇನು?"

ಏಳನೇ ಪ್ರಶ್ನೆ. ಓದಿ, ಪೆನ್ನು ಹಿಡಿದು ಕಾದೆ. ಅಪ್ಪ ಅಂಗೈ ಎದೆ ಮೇಲಿಟ್ಟುಕೊಂಡು ಒಂದು ಸಲ ಉಸಿರು ಎಳೆದು ನೋಡಿದ.

"ಐತೆ ಅಂತ ಬರಿ."

ಎಷ್ಟು ವರ್ಷದಿಂದ ಅಂದೆ.

"ಮೂವತ್ತೊಂದು. ನಮ್ಮ ಮದುವಿ ಗಾದಿ ನಾನೇ ಹೊಲಿದೆ, ನಿಮ್ಮವ್ವಗೆ ಅಂತ. ಹೊಸಾ ಹತ್ತಿ. ಅವತ್ತು ಸುರುವಾತು."

ಬರೆದೆ. ಒಳಗೆ ಬಂದು ಇಷ್ಟು ಇಲ್ಲಿ ಗೀಚುತ್ತಿದ್ದೇನೆ, ಅಷ್ಟರಲ್ಲಿ ಕರೆಯುತ್ತಿದ್ದಾನೆ. ಹೆಬ್ಬೆಟ್ಟು ಒತ್ತುವ ಮುಂಚೆ ಮೊದಲಿಂದ ಎಲ್ಲಾ ಓದಿ ಹೇಳಬೇಕಂತೆ, ಜೋರಾಗಿ, ಒಂದೂ ಬಿಡದ ಹಾಗೆ. ಓದಿ ಬರುತ್ತೇನೆ, ಆಮೇಲೆ...