ಬಿನ್ನಿಪೇಟೆಗೆ ಕರೆಂಟ್ ಬಂತಂತೆ

ಬಸವನಗುಡಿ
೧೯ ಡಿಸೆಂಬರ್ ೨೦೨೪

ಪ್ರೀತಿಯ ಕಲ್ಯಾಣಕ್ಕನಿಗೆ,

ತಂಗಿ ಮಾಧವಿಯ ನಮಸ್ಕಾರ. ನಿನ್ನ ಕಾಗದ ಬಂದು ಮೂರು ವಾರವಾಯಿತು, ಬೈಯಬೇಡ. ಫೋನ್ ಮಾಡಿದರೆ ನಿನಗೆ ಕಿವಿ ಕೇಳಿಸುವುದಿಲ್ಲ, ನಾನು ಕಿರುಚಬೇಕು. ಈ ಮನೆಯಲ್ಲಿ ಸದ್ಯಕ್ಕೆ ಕಿರುಚಿ ಹೇಳುವಂಥ ಮಾತು ನನ್ನ ಹತ್ತಿರ ಒಂದೂ ಇಲ್ಲ. ಅದಕ್ಕೇ ಪೆನ್ನು ಹಿಡಿದೆ. ನಿನ್ನ ಮಂಡಿನೋವು ಹೇಗಿದೆ? ಮೈಸೂರಲ್ಲೂ ಚಳಿ ಜಾಸ್ತಿಯಂತೆ, ಬೆಳಗ್ಗೆ ಬೆಳಗ್ಗೆ ವಾಕಿಂಗ್ ಅಂತ ಹೊರಡಬೇಡ.

ಮದರಾಸಿನ ಕಡೆ ಚಂಡಮಾರುತ ಬಂದದ್ದನ್ನು ಟಿವಿಯಲ್ಲಿ ನೋಡಿರುತ್ತೀಯ. ಅಲ್ಲಿ ಗಾಳಿ ಬೀಸಿದರೆ ಇಲ್ಲಿ ನಮಗೆ ಮೂರು ದಿನ ಬಿಡದೆ ಮಳೆ. ನಮ್ಮ ರಸ್ತೆಯಲ್ಲಿ ಮರ ಬಿದ್ದು ಕಂಬವೇ ಮುರಿಯಿತು, ಐದು ದಿನ ಕರೆಂಟಿಲ್ಲ. ಮೋಟರ್ ಓಡಲಿಲ್ಲ, ಮೇಲಿನ ಟ್ಯಾಂಕ್ ಖಾಲಿ. ನಮ್ಮನೆಯವರು ಸಂಪಿನಿಂದ ಬಕೆಟ್‌ನಲ್ಲಿ ಸೇದಿ ಸೇದಿ ಸೊಂಟ ಹಿಡಿಸಿಕೊಂಡರು. ಆದರೂ ನಮ್ಮದು ಎತ್ತರದ ಜಾಗ, ಒಳಗೆ ನೀರು ಬರಲಿಲ್ಲ. ನೀರು ನುಗ್ಗಿದ್ದು ಬಿನ್ನಿಪೇಟೆಯಲ್ಲಿ, ಮಗಳು ಪೂಜಿತಾಳ ಅತ್ತೆ ಮನೆಗೆ. ಮೋರಿ ಉಕ್ಕಿ ಮಂಚದ ಮಟ್ಟಕ್ಕೆ ಬಂತಂತೆ.

ಅಳಿಯ ಲೋಹಿತ್‌ಗೆ ಎರಡು ಕಡೆ ಪೆಟ್ಟು. ನಗರ್ತಪೇಟೆಯ ಅಂಗಡಿಯ ಗೋಡೌನಿಗೂ ನೀರು ಹೋಗಿ ಬಟ್ಟೆಯ ಥಾನುಗಳೆಲ್ಲ ನೆನೆದಿದ್ದವು. ಅವನು ಅಂಗಡಿಯಲ್ಲೇ ಉಳಿದು ಅವನ್ನೆಲ್ಲ ಒಣಗಿಸುವುದು, ಅವನ ಅಮ್ಮ ನಮ್ಮಲ್ಲಿ ಬಂದಿರುವುದು ಎಂದಾಯಿತು. ಬೀಗಿತ್ತಿ ಲಕ್ಷ್ಮೀದೇವಮ್ಮ ಎರಡು ಸೀರೆ, ಒಂದು ಮಾತ್ರೆಯ ಡಬ್ಬಿ ಹಿಡಿದು, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಾಗಿಲಲ್ಲಿ ನಿಂತಾಗ ನಾನೇ ಕೈ ಹಿಡಿದು ಒಳಗೆ ಕರೆದೆ. ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ದೇವರಾಣೆ.

ಪೂಜಿತಾಳ ಬಾಣಂತನಕ್ಕೆ ನಾನು ಎಷ್ಟು ತಯಾರಿ ಮಾಡಿಕೊಂಡಿದ್ದೆ ಅಂತ ನಿನಗೆ ಗೊತ್ತು. ಹೊಸ ಗೀಸರ್ ಹಾಕಿಸಿದೆ, ಹೊಸ ಮಿಕ್ಸಿ ತಂದೆ, ಮಗುವಿಗೆ ಸ್ನಾನದ ಟಬ್ಬು ತರಿಸಿದೆ. ಕರೆಂಟ್ ಹೋಯಿತು, ಬಿಸಿನೀರಿಲ್ಲದೆ ಟಬ್ಬೂ ಸೇರಿ ಮೂರೂ ಮೂಲೆಗೆ ಬಿದ್ದವು! ಒಂದೂವರೆ ತಿಂಗಳ ಮಗುವಿಗೆ ಗ್ಯಾಸಿನ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸುತ್ತ ಒದ್ದಾಡುತ್ತಿದ್ದೆ. ಬೀಗಿತ್ತಿ ಎರಡು ನಿಮಿಷ ನೋಡಿದರು, ಸೆರಗು ಸಿಕ್ಕಿಸಿದರು. ಹಿತ್ತಲಲ್ಲಿ ನಮ್ಮತ್ತೆ ಕಾಲದ ತಾಮ್ರದ ಹಂಡೆ ಬೋರಲು ಬಿದ್ದಿತ್ತು, ಅದರ ಮೇಲೆ ನಾನು ನೆಲ ಒರೆಸುವ ಬಟ್ಟೆ ಒಣಗಿಸುತ್ತಿದ್ದೆ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಶೀಟಿನ ಚಾವಣಿಯ ಕೆಳಗೆ ಮೂರು ಕಲ್ಲು ಹೂಡಿ, ತೆಂಗಿನ ಚಿಪ್ಪು ಹಾಕಿ ಅರ್ಧ ಗಂಟೆಯಲ್ಲಿ ನೀರು ಕುದಿಸಿಬಿಟ್ಟರು. ಆಮೇಲೆ ಮಣೆಯ ಮೇಲೆ ಕೂತು, ಕಾಲು ಚಾಚಿ, ಪಾಪುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿದರು.

"ಟಬ್ಬಲ್ಲಿ ಸೊಪ್ಪು ತೊಳೀಬೇಕು ಬೀಗ್ರೇ, ಮಗೂನಲ್ಲ" ಅಂದರು. ತಮಾಷೆಗೇ ಅಂದದ್ದು. ಪೂಜಿತಾ ನಕ್ಕಳು. ಹೆರಿಗೆಯಾದ ಮೇಲೆ ಅವಳು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಅಲ್ಲಿಂದ ಶುರುವಾಯಿತು. ಮಿಕ್ಸಿ ಇಲ್ಲವೆಂದು ಅವರು ಒರಳಲ್ಲಿ ಮೆಣಸು, ಬೆಳ್ಳುಳ್ಳಿ ಅರೆದು ಸಾರು ಮಾಡಿದರು. ನನ್ನ ಸಾರನ್ನು ಅರ್ಧ ತಟ್ಟೆಯಲ್ಲೇ ಬಿಡುತ್ತಿದ್ದ ಮಗಳು "ಅತ್ತೆ, ಇನ್ನೊಂಚೂರು ಹಾಕಿ" ಎಂದು ತಟ್ಟೆ ಮುಂದೆ ಮಾಡಿದಳು. ಎದುರು ಮನೆಯ ದೀಪ್ತಿ ತನ್ನ ಕೂಸನ್ನೂ ಎತ್ತಿಕೊಂಡು ಬಂದು, ನನ್ನ ಹಿತ್ತಲಲ್ಲಿ ನಿಂತು, ನನ್ನನ್ನು ಬಿಟ್ಟು ಅವರನ್ನು ಕೇಳಿದಳು, "ಆಂಟಿ, ಇವ್ಳಿಗೂ ಒಂದಿನ ನೀರು ಹಾಕ್ಕೊಡ್ತೀರಾ?" ನಾನು ಬಕೆಟ್ ತುಂಬಿಸುವ ಕೆಲಸದವಳಾದೆ.

ಹೊಟ್ಟೆ ಉರಿಯಿತು ಅಕ್ಕ, ನಿನ್ನ ಹತ್ತಿರ ಮುಚ್ಚುಮರೆ ಏನು. ಮದುವೆಯಾದ ದಿನದಿಂದ ಮಗಳು ಅವರವಳು. ದೀಪಾವಳಿಗೂ ಅವರನ್ನು ಕೇಳಿ ಕರೆತರಬೇಕು. ಚೊಚ್ಚಲ ಬಾಣಂತನದ ಈ ಮೂರು ತಿಂಗಳು ಮಾತ್ರ ನನ್ನ ಪಾಲಿನದು. ಸಂಕ್ರಾಂತಿ ಕಳೆದರೆ ತೊಟ್ಟಿಲ ಸಮೇತ ಕಳಿಸಿಕೊಡಬೇಕು, ಮತ್ತೆ ನಾನು ಫೋನಿನಲ್ಲಿ ಮಗುವಿನ ಮುಖ ನೋಡುವ ಅಜ್ಜಿ. ಇಷ್ಟನ್ನೂ ಅವರೇ ತೆಗೆದುಕೊಂಡರೆ ನನಗೇನು ಉಳಿಯಿತು?

ಐದನೇ ದಿನ ಸಂಜೆ ನಮಗೆ ಕರೆಂಟ್ ಬಂತು. ನಾನು ದೇವರ ಮನೆಯ ದೀಪಕ್ಕಿಂತ ಮುಂಚೆ ಗೀಸರ್ ಹಾಕಿದೆ. ಮರುದಿನ ಬೆಳಗ್ಗೆ ಟವಲ್ ಹೆಗಲಿಗೆ ಹಾಕಿಕೊಂಡು ನಿಂತರೆ ಪೂಜಿತಾ, "ಅತ್ತೆ ಹಾಕೋ ನೀರೇ ಇರ್ಲಿ ಬಿಡಮ್ಮ. ಪಾಪುಗೆ ಅದೇ ಅಭ್ಯಾಸ ಆಗಿದೆ. ನಿಂಗ್ಯಾಕ್ ಸುಮ್ನೆ ಶ್ರಮ?" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ನಾನು ಗೀಸರ್ ಆರಿಸಿ, ಅಡುಗೆಮನೆಗೆ ಹೋಗಿ, ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ.

ಕಳೆದ ವಾರ ಬಿನ್ನಿಪೇಟೆಯಿಂದ ಪಕ್ಕದ ಮನೆಯ ಮಂಜುನಾಥ್ ಫೋನ್ ಮಾಡಿ ಅಲ್ಲಿ ಕರೆಂಟ್ ಬಂದಿದೆ ಎಂದರು. ಮನೆ ನೋಡಿಕೊಂಡು, ಕೆಸರು ತೊಳೆದು, ಅಲ್ಲೇ ಇದ್ದುಬಿಡುತ್ತೇನೆ ಎಂದು ಬೀಗಿತ್ತಿ ಸಂಜೆ ಆಟೋ ಹತ್ತಿದರು. ಬಾಗಿಲು ತೆಗೆದು ಒಳಗೆ ಕಾಲಿಟ್ಟದ್ದೇ ತಡ, ನೆಲದ ಮೇಲಿನ ಹೂಳಿನಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಆರು ವಾರ ಪ್ಲಾಸ್ಟರ್. ಈಗ ಮತ್ತೆ ನಮ್ಮಲ್ಲೇ ಇದ್ದಾರೆ, ಇನ್ನೆಲ್ಲಿಗೆ ಹೋಗುತ್ತಾರೆ.

ಪಾಪುವಿಗೆ ಈಗ ನಾನೇ ನೀರು ಹಾಕುವುದು. ಕಾಲು ಚಾಚಿ ಕೂರಲು ಕಲಿತೆ. ಮಗು ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮೊಮ್ಮಕ್ಕಳು ನೂರು ಕಾಲ ಬಾಳಲಿ, ನಿನ್ನ ಕಣ್ಣೆದುರೇ ಬೆಳೆಯಲಿ. ನನಗೂ ಒಂದಿಷ್ಟು ಒಳ್ಳೆಯ ಬುದ್ಧಿ ಬರಲೆಂದು ಹರಸು.

ನಿನ್ನ ತಂಗಿ,
ಮಾಧವಿ

ತಾ.ಕ.: ಕಾಗದ ಮಡಚಿ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅರ್ಧ ಬರೆದು ನಿನಗೂ ಮೋಸ ಮಾಡುವುದು ಬೇಡ.

ಮಂಜುನಾಥ್ ಫೋನ್ ಮಾಡಿದಾಗ ಬೀಗಿತ್ತಿ ಹಿತ್ತಲಲ್ಲಿ ಪಾಪುವಿಗೆ ನೀರು ಹಾಕುತ್ತಿದ್ದರು. ಅವರ ಫೋನನ್ನು ನಾನು ಎತ್ತಿದೆ. ಮಂಜುನಾಥ್ ಹೇಳಿದ್ದು ಇಷ್ಟು: "ಮೇನ್ ರೋಡಿಗೆ ಕರೆಂಟ್ ಬಂತಮ್ಮ. ನಮ್ ಗಲ್ಲಿಗೆ ಇನ್ನೂ ಎರಡು ದಿನ ಆಗುತ್ತಂತೆ. ಅವ್ರಿಗೆ ಹೇಳ್ಬಿಡಿ, ಈಗ್ಲೇ ಬರೋದ್ ಬೇಡ, ಒಳಗೆಲ್ಲ ಜಾರುತ್ತೆ." ನಾನು ಹಿತ್ತಲ ಬಾಗಿಲಿಗೆ ಹೋಗಿ, "ಬೀಗ್ರೇ, ಬಿನ್ನಿಪೇಟೆಗೆ ಕರೆಂಟ್ ಬಂತಂತೆ" ಅಂದೆ. ಅಷ್ಟೇ ಅಂದೆ. ಉಳಿದದ್ದನ್ನು ನುಂಗಿಕೊಂಡೆ. ಬೇಕೆಂದೇ ನುಂಗಿಕೊಂಡೆ.

ಪ್ಲಾಸ್ಟರ್ ಹಾಕಿಸಿ ಬೀಗಿತ್ತಿಯನ್ನು ಲೋಹಿತ್, ಮಂಜುನಾಥ್ ಇಬ್ಬರೂ ನಮ್ಮ ಮನೆಗೆ ಕರೆತಂದರು. ನಡುಮನೆಯಲ್ಲಿ ಎಲ್ಲರೂ ಇದ್ದೆವು. ಪೂಜಿತಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು. "ಆ ಕತ್ಲಲ್ಲಿ ಯಾಕಮ್ಮ ಹೋದೆ? ಕರೆಂಟ್ ಇಲ್ಲ, ಎರಡು ದಿನ ಬರೋದ್ ಬೇಡ ಅಂತ ಮಂಜುನಾಥಣ್ಣ ಫೋನ್ ಮಾಡಿದ್ರಂತಲ್ಲ!" ಎಂದು ಲೋಹಿತ್ ಕೂಗಾಡಿದ. ಮಂಜುನಾಥ್ ನನ್ನ ಮುಖ ನೋಡಿದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಬೀಗಿತ್ತಿ ನನ್ನ ಕಡೆ ತಿರುಗಲೂ ಇಲ್ಲ. "ಬೀಗ್ರು ಹೇಳಿದ್ರು ಕಣೋ, ಎರಡು ದಿನ ಬೇಡ ಅಂತ. ನಂದೇ ಹಟ. ಮನೆ ಏನಾಗಿದ್ಯೋ ನೋಡ್ಬೇಕು ಅನ್ನಿಸ್ತು, ಹೋದೆ" ಅಂದರು. ಪೂಜಿತಾ ನಂಬಿದಳು. ನನ್ನ ಭುಜ ಹಿಡಿದು "ನೀನ್ ಅಳ್ಬೇಡಮ್ಮ, ನಿಂದೇನ್ ತಪ್ಪು" ಅಂದಳು.

ಅವತ್ತಿಂದ ದಿನಾ ಬೆಳಗ್ಗೆ ಅವರಿಗೆ ನಾನೇ ತಲೆ ಬಾಚಿ ಜಡೆ ಹಾಕುತ್ತೇನೆ, ಒಂದು ಕೈಯಲ್ಲಿ ಅವರಿಗೆ ಆಗುವುದಿಲ್ಲ. ಅವರು ಆ ವಿಷಯ ಎತ್ತಿಲ್ಲ, ನಾನೂ ಎತ್ತಿಲ್ಲ. ಕ್ಷಮಿಸಿ ಎಂದು ಕೇಳಬೇಕೆಂದು ಬಾಚಣಿಗೆ ಹಿಡಿದಾಗಲೆಲ್ಲ ಬಾಯಿ ತೆರೆಯುತ್ತೇನೆ. ಕೇಳಿದರೆ ಅವರು ತಕ್ಷಣ ಕ್ಷಮಿಸಿಬಿಡುತ್ತಾರೆ ಅಕ್ಕ. ಅದನ್ನೇ ನನ್ನ ಕೈಲಿ ತಡೆಯಲಾಗುವುದಿಲ್ಲ.